ನಿವೃತ್ತರ ನೆಲೆಯಾಗಿ ಧಾರವಾಡ

ಮೂರು ದಶಕಗಳ ಸೇವೆಯನ್ನು ಮುಗಿಸಿ ನಿವೃತ್ತನಾಗುವ ಶಿಕ್ಷಕನ ಮುಂದೆ ನಿಲ್ಲುವ ಮೊದಲ ಪ್ರಶ್ನೆಗಳಲ್ಲಿ 'ಇನ್ನು ವಾಸ ಎಲ್ಲಿ' ಎಂಬುದೂ ಒಂದು. ಮಹಾನಗರದ ಬಾಡಿಗೆಯೂ ಗದ್ದಲವೂ ಆತನಿಗೆ ಒಗ್ಗವು. ಹುಟ್ಟಿದ ಹಳ್ಳಿಯಲ್ಲಿ ವೈದ್ಯರ ಅನುಕೂಲತೆ ಸಾಲದು. ಹವೆ ಹಿತವಾಗಿದ್ದು ವೆಚ್ಚ ಮಿತವಾಗಿರುವ ನಡುವಣ ಊರೊಂದನ್ನು ಅರಸುವುದು ಆಗ ಸಹಜವೇ ಸರಿ. 2006ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಅಂಶದಾಯಿ ಪಿಂಚಣಿ ಪದ್ಧತಿಗೆ ಒಳಪಟ್ಟವರಿಗಂತೂ ಈ ಪ್ರಶ್ನೆ ಹಿಂದಿನವರಿಗಿಂತ ತೀವ್ರವಾದುದು. ಕೈಗೆ ಬಂದ ಗಂಟನ್ನು ಸಲ್ಲದ ನಿವೇಶನಕ್ಕೆ ಸುರಿದರೆ ಮತ್ತೆ ಗಳಿಸುವ ವಯಸ್ಸು ಉಳಿದಿರುವುದಿಲ್ಲ. ಇಂಥ ಊರುಗಳ ಸಾಲಿನಲ್ಲಿ ಧಾರವಾಡದ ಹೆಸರು ಬಹುಕಾಲದಿಂದ ಕೇಳಿಬರುತ್ತಿರುವುದರಿಂದ ಅದನ್ನೇ ನಿದರ್ಶನವಾಗಿ ಪರಿಶೀಲಿಸುವುದು ಉಚಿತ.

1962ರಲ್ಲಿ ಹುಬ್ಬಳ್ಳಿಯೊಡನೆ ಒಂದೇ ಮಹಾನಗರಪಾಲಿಕೆಗೆ ಸೇರಿದರೂ ಧಾರವಾಡವು ಸ್ವಭಾವದಲ್ಲಿ ಇನ್ನೂ ಊರಾಗಿಯೇ ಉಳಿದಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 750 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುವುದೆಂಬುದು ಭೂಗೋಳದ ಪಾಠ. ಪಶ್ಚಿಮಕ್ಕೆ ಮಲೆನಾಡಿನ ಕಾಡು, ಪೂರ್ವಕ್ಕೆ ನವಲಗುಂದದ ಬಯಲು. ಈ ಎರಡರ ಸಂಧಿಯಲ್ಲಿರುವುದರಿಂದ ಮಲೆನಾಡಿನ ಅತಿವೃಷ್ಟಿಯೂ ಬಯಲಿನ ಬೇಗೆಯೂ ಇಲ್ಲಿಗೆ ತಗ್ಗಿಯೇ ತಲುಪುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನಗಳು ಇಲ್ಲಿಯೂ ಸುಡುತ್ತವೆ. ಆದರೆ ಸಂಜೆಯ ಪಡುವಣ ಗಾಳಿ ಆ ತಾಪವನ್ನು ಇಳಿಸುತ್ತದೆ. ಜುಲೈ, ಆಗಸ್ಟ್ ತಿಂಗಳುಗಳ ಜಿಟಿಜಿಟಿ ಮಳೆಯನ್ನು ಹೊಗಳುವವರು ಬಹುಮಂದಿ. ಸಂಧಿವಾತ, ಉಬ್ಬಸ ಉಳ್ಳವರಿಗೆ ಅದೇ ಮಳೆ ಕಷ್ಟದ ಕಾಲವೆಂಬುದನ್ನು ಹೊಗಳುವವರು ಹೇಳುವುದಿಲ್ಲ.

ಮಳೆಗಾಲದಲ್ಲಿ ತಿಳಿಯುವ ಇನ್ನೊಂದು ಸಂಗತಿ ನೆಲದ ಗುಣ. ಧಾರವಾಡದ ಸುತ್ತಮುತ್ತ ಮಸಾರಿಯೂ ಉಂಟು, ಎರೆಯೂ ಉಂಟು. ಎರೆಮಣ್ಣು ಬೆಳೆಗೆ ಎಷ್ಟು ಉತ್ತಮವೋ ಕಟ್ಟಡಕ್ಕೆ ಅಷ್ಟೇ ತೊಡಕಿನದು. ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ವರ್ಷ ವರ್ಷವೂ ಹೀಗೆ ಏರಿಳಿಯುವ ನೆಲದ ಮೇಲೆ ಸಾಧಾರಣ ಪಾಯವನ್ನು ಹಾಕಿ ಕಟ್ಟಿದ ಮನೆಯ ಗೋಡೆಗಳು ಮೂಲೆಯಿಂದ ಮೂಲೆಗೆ ಸೀಳುತ್ತವೆ. ಎರೆಯ ಪದರವನ್ನು ದಾಟಿ ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಬೇಕು, ಇಲ್ಲವೇ ಬಲ್ಲ ಎಂಜಿನಿಯರರಿಂದ ಬೇರೆ ಬಗೆಯ ಅಡಿಪಾಯವನ್ನು ಹಾಕಿಸಬೇಕು. ಎರಡಕ್ಕೂ ಹಣ ಬೇಕು. ಮಸಾರಿಯ ನಿವೇಶನಕ್ಕಿಂತ ಎರೆಯ ನಿವೇಶನ ಅಗ್ಗವೆಂದು ಕೊಂಡವರು ಉಳಿಸಿದ್ದನ್ನು ಪಾಯದಲ್ಲಿ ಹೂತದ್ದುಂಟು. ಬೇಸಗೆಯ ರಜೆಯಲ್ಲಿ ಬಂದು ನಿವೇಶನ ನೋಡಿ ಹೋಗುವ ರೂಢಿ ಈ ಕಾರಣದಿಂದ ಒಳ್ಳೆಯದಲ್ಲ. ಜುಲೈ ತಿಂಗಳಲ್ಲಿ ಅಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕಾಲು ಎಷ್ಟು ಹೂಳುತ್ತದೆ ಎಂಬುದನ್ನು ಕಣ್ಣಾರೆ ಕಾಣತಕ್ಕದ್ದು.

ಕುಡಿಯುವ ನೀರು ಮಲಪ್ರಭೆಯಿಂದ, ಸವದತ್ತಿಯ ಬಳಿಯ ಜಲಾಶಯದಿಂದ ಬರುತ್ತದೆ. ಅವಳಿ ನಗರದ ಕೆಲವು ಬಡಾವಣೆಗಳಲ್ಲಿ 2008ರಿಂದ ಹಗಲಿರುಳೂ ನಳದ ನೀರು ದೊರೆಯುವಂತಾಯಿತು. ಉಳಿದೆಡೆಗಳಲ್ಲಿ ದಿನಗಟ್ಟಲೆ ಕಾದು ತೊಟ್ಟಿ ತುಂಬಿಕೊಳ್ಳುವುದು ಜನರ ಹಳೆಯ ಅನುಭವ. ಮನೆಯ ಬೆಲೆಯನ್ನು ಕೇಳುವ ಮೊದಲು ನೆರೆಮನೆಯ ಗೃಹಿಣಿಯನ್ನು 'ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ' ಎಂದು ಕೇಳುವುದು ಲೇಸು. ಕಾಗದಪತ್ರಗಳ ವಿಷಯದಲ್ಲಿ ಉತಾರ, ಋಣಭಾರ ಪತ್ರ, ಎನ್.ಎ. ಆದೇಶ ಇವು ಮೂರನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡಲಾಗದು. ಹೊಲವನ್ನು ಗುಂಟೆಗಳಾಗಿ ಒಡೆದು ಮಾರಿದ ನಿವೇಶನಗಳಲ್ಲಿ ಎನ್.ಎ. ಇಲ್ಲದೆ ಸಿಕ್ಕಿಬಿದ್ದವರು ಹೆಚ್ಚಾಗಿ ನಿವೃತ್ತರೇ.

ಅಗ್ಗವೂ ತಂಪೂ ಊರಿನ ಶಾಶ್ವತ ಗುಣಗಳಲ್ಲ. ಅವನ್ನರಸಿ ಬಂದವರಿಂದಲೇ ಅವು ಸವೆಯುತ್ತವೆ. 'ಪಿಂಚಣಿದಾರರ ಸ್ವರ್ಗ'ವೆಂದು ಹೆಸರಾಗಿದ್ದ ಬೆಂಗಳೂರು ಇದಕ್ಕೆ ಸಾಕ್ಷಿ. ಧಾರವಾಡಕ್ಕಿಂತ ಎತ್ತರದಲ್ಲಿರುವ ಆ ನಗರದಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿತು. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಜನರು ಟ್ಯಾಂಕರಿಗೆ ಕಾಯಬೇಕಾಯಿತು. ಧಾರವಾಡಕ್ಕೂ 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ, 2016ರಲ್ಲಿ ಐ.ಐ.ಟಿ. ಬಂದವು. ಇವು ಹೆಮ್ಮೆಯ ಸಂಗತಿಗಳೇ. ಆದರೂ ಮಹಾನಗರದಲ್ಲಿ ಮನೆ ಮಾರಿ ಬಂದವರು ಚೌಕಾಸಿ ಮಾಡದೆ ಹೇಳಿದ ಬೆಲೆಯನ್ನು ಕೊಟ್ಟುಬಿಟ್ಟರೆ, ಇಲ್ಲಿಯೇ ದುಡಿದ ಅನುದಾನಿತ ಶಾಲೆಯ ಶಿಕ್ಷಕನಿಗೆ ಅದೇ ಓಣಿಯಲ್ಲಿ ನಿವೇಶನ ಎಟುಕದು. ಬರುವವರ ಅನುಕೂಲತೆಯನ್ನು ಲೆಕ್ಕಿಸುವಾಗ ಈ ಲೆಕ್ಕವನ್ನೂ ಹಿಡಿಯುವುದು ನ್ಯಾಯ.

ಧಾರವಾಡದ ನಿಜವಾದ ಸಂಪತ್ತು ಹವೆಯಲ್ಲ, ಜನರ ಒಡನಾಟ. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಂಗಣದಲ್ಲಿ ಕೈಯಲ್ಲಿ ಕೊಡೆ ಹಿಡಿದು ಬಂದು ಕೂರುವ ಹಿರಿಯರಿಗೆ ಉಪನ್ಯಾಸಕ್ಕೆ, ಸಂಗೀತಕ್ಕೆ ಶುಲ್ಕವಿಲ್ಲ. ಸೊಲ್ಲಾಪುರದಲ್ಲಿ ಹನ್ನೆರಡು ವರ್ಷ ಅಧ್ಯಾಪಕರಾಗಿದ್ದ ದ. ರಾ. ಬೇಂದ್ರೆಯವರು 1956ರಲ್ಲಿ ಮರಳಿ ಬಂದುದು ಸಾಧನಕೇರಿಯ ಈ ಒಡನಾಟಕ್ಕೇ. ಆದರೆ ಬೇಂದ್ರೆಯವರಿಗೆ ಇದು ಹುಟ್ಟೂರು. ಹೊಸಬರಿಗೆ ಪರಿಚಯ ಬೆಳೆಯಲು ಕಾಲ ಬೇಕು. ಪತಿಗೆ ಸಭೆಗಳು ದೊರೆತು, ಪತ್ನಿಗೆ ನೆರೆಹೊರೆಯೂ ಇಲ್ಲದ ಹೊಸ ಬಡಾವಣೆಯ ಮನೆಯಷ್ಟೇ ದೊರೆತ ಸಂಸಾರಗಳೂ ಉಂಟು. ಜೂನ್‌ನಿಂದ ಜೂನ್‌ವರೆಗೆ ಒಂದು ವರ್ಷ, ಆಸ್ಪತ್ರೆಗೆ ಹತ್ತಿರದ ಓಣಿಯಲ್ಲಿ ಇಬ್ಬರೂ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಆಕೆಯ ಮಾತನ್ನು ಮೊದಲು ಕೇಳಿ ನಿವೇಶನದ ಮಾತನ್ನು ಎತ್ತಬಹುದು.