ನಿಧಾನಗತಿಯ ಲ್ಯಾಪ್‌ಟಾಪಿಗೆ ಫ್ಲ್ಯಾಶ್ ಕಾರ್ಡಿನ ನೆರವು

ಮಾದಾಪುರವೆಂದೊಡನೆ ಹೈದರಾಬಾದಿನವರ ಕಣ್ಣಮುಂದೆ ಗಾಜಿನ ಸೌಧಗಳ ಸಾಲು ನಿಲ್ಲುತ್ತದೆ. 1998ನೆಯ ಇಸವಿ ನವೆಂಬರ್ 22ರಂದು ಅಂದಿನ ಪ್ರಧಾನಮಂತ್ರಿ ಅಟಲ್ ಬಿಹಾರಿ ವಾಜಪೇಯಿಯವರು ಅಲ್ಲಿ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ಅಲ್ಲಿಂದೀಚೆಗೆ ಆ ಪ್ರದೇಶವು ಗಣಕೋದ್ಯಮದ ದೊಡ್ಡ ನೆಲೆಯಾಗಿ ಬೆಳೆದಿದೆ. ಆದರೆ ಆ ಸೌಧಗಳಲ್ಲಿ ದುಡಿಯುವವರೆಲ್ಲರೂ ಹೊಸ ಗಣಕಗಳ ಒಡೆಯರಲ್ಲ. ಅಲ್ಲಿ ಕಾವಲು ಕಾಯುವ ತಂದೆಯೊಬ್ಬರು, ಹತ್ತನೆಯ ತರಗತಿಯ ಮಗಳ ಓದಿಗಾಗಿ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡುತಂದರು. ಗುಂಡಿ ಒತ್ತಿ, ಮುಖ ತೊಳೆದು, ಕಾಫಿ ಕುಡಿದು ಬಂದರೂ ಅದು ಸಿದ್ಧವಾಗುತ್ತಿರಲಿಲ್ಲ. ಅಂಗಡಿಯವನೊಬ್ಬನು, “64 ಜಿಬಿಯ ಕಾರ್ಡೊಂದನ್ನು ಸಿಕ್ಕಿಸಿರಿ, ಹೊಸದರಂತೆ ಓಡುತ್ತದೆ” ಎಂದನು. ಕೂಡಿಟ್ಟ ಹಣವನ್ನು ಕೊಟ್ಟು ಅವರು ಕಾರ್ಡನ್ನು ತಂದರು. ಲ್ಯಾಪ್‌ಟಾಪು ಮಾತ್ರ ಹೊಸದಾಗಲಿಲ್ಲ. ಹುಡುಗಿ ಅದನ್ನು ನನ್ನ ಮುಂದಿಟ್ಟು, “ಅಂಗಡಿಯವನು ಹೇಳಿದ್ದು ಸುಳ್ಳೇ?” ಎಂದು ಕೇಳಿದಳು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಗಣಕದಲ್ಲಿ ನೆನಪಿನ ಸ್ಥಾನಗಳು ಮುಖ್ಯವಾಗಿ ಎರಡು. ಒಂದು, ಕೆಲಸ ನಡೆಯುತ್ತಿರುವಾಗ ಬೇಕಾದುದನ್ನು ಇಟ್ಟುಕೊಳ್ಳುವ ರ‍್ಯಾಮ್. ಇನ್ನೊಂದು, ಎಲ್ಲವನ್ನೂ ಶಾಶ್ವತವಾಗಿ ಕಾಪಾಡುವ ಹಾರ್ಡ್ ಡಿಸ್ಕ್. ನಮ್ಮ ಮನೆಗಳ ಅಡುಗೆಕಟ್ಟೆಯನ್ನೂ ಉಗ್ರಾಣವನ್ನೂ ನೆನೆದರೆ ಇವುಗಳ ಸಂಬಂಧವು ತಿಳಿಯುತ್ತದೆ. ಕಟ್ಟೆಯ ಮೇಲಿರುವುದು ಕೈಗೆ ಕೂಡಲೆ ಸಿಕ್ಕುತ್ತದೆ. ಆದರೆ ಕಟ್ಟೆ ಕಿರಿದು. ಉಗ್ರಾಣ ವಿಶಾಲ, ಆದರೆ ಪ್ರತಿಯೊಂದು ಪದಾರ್ಥಕ್ಕೂ ಅಲ್ಲಿಗೆ ಹೋಗಿಬರಬೇಕು. ಕಟ್ಟೆ ತುಂಬಿದಾಗ ಗಣಕವು ಕೆಲವು ಸಾಮಾನುಗಳನ್ನು ಉಗ್ರಾಣಕ್ಕೆ ಒಯ್ದಿಟ್ಟು, ಬೇಕಾದಾಗ ಮರಳಿ ತರುತ್ತದೆ. ನಿಧಾನದ ಮೂಲ ಬಹುಮಟ್ಟಿಗೆ ಈ ಓಡಾಟದಲ್ಲಿದೆ.

ಓಡಾಟಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ಲೆಕ್ಕಹಾಕೋಣ. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಹಾಗಾದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಭಾಗವು ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಐದೂವರೆ ಮಿಲಿಸೆಕೆಂಡು ಕಾಯಬೇಕು. ಸೂಜಿಯು ಸರಿಯಾದ ಪಥಕ್ಕೆ ಸರಿಯಲು ಇನ್ನೂ 12 ಮಿಲಿಸೆಕೆಂಡು ಬೇಕೆಂದಿಟ್ಟುಕೊಂಡರೆ, ಒಂದು ಬಾರಿಗೆ ಸುಮಾರು 17 ಅಥವಾ 18 ಮಿಲಿಸೆಕೆಂಡು ಕಳೆಯುತ್ತದೆ. ಎಂದರೆ ಸೆಕೆಂಡಿಗೆ 60 ಬಾರಿಯೂ ಹೋಗಿಬರಲಾಗದು. ರ‍್ಯಾಮ್ ಆದರೋ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತದೆ. ಅಜಗಜಾಂತರವೆಂಬ ಮಾತೂ ಇಲ್ಲಿ ಸಾಲದು.

ಇವೆರಡರ ನಡುವೆ ನಿಲ್ಲತಕ್ಕದ್ದು ಫ್ಲ್ಯಾಶ್ ಸ್ಮೃತಿ. ಇದರ ಜನಕರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ. 1984ರಲ್ಲಿ ಇದರ ಒಂದು ರೂಪವನ್ನೂ, ಇಂದಿನ ಕಾರ್ಡುಗಳಲ್ಲಿರುವ ನ್ಯಾಂಡ್ ಎಂಬ ರೂಪವನ್ನು 1987ರಲ್ಲಿಯೂ ಅವರು ಲೋಕದ ಮುಂದಿಟ್ಟರು. ಸುತ್ತಲೂ ನಿರೋಧಕ ಪದರವುಳ್ಳ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಬಂಧಿಸಿಡುವುದು ಇದರ ತತ್ತ್ವ. ವಿದ್ಯುತ್ತು ನಿಂತರೂ ಬಂಧಿತವಾದ ಅಂಶವು ಹಾಗೆಯೇ ಉಳಿಯುವುದರಿಂದ ನೆನಪು ಅಳಿಯದು. ತಿರುಗುವ ತಟ್ಟೆಯಿಲ್ಲ, ಸರಿಯುವ ಸೂಜಿಯಿಲ್ಲ. ಆದುದರಿಂದ ಕಾಯುವ ಹೊತ್ತೂ ಅತ್ಯಲ್ಪ. ಆದರೆ ಪ್ರತಿ ಬಾರಿ ಬರೆದು ಅಳಿಸಿದಾಗಲೂ ಆ ಪದರವು ಕೊಂಚ ಸವೆಯುವುದುಂಟು.

ಈ ಗುಣವನ್ನು ಬಳಸಿಕೊಂಡು ಮೈಕ್ರೋಸಾಫ್ಟ್ ಸಂಸ್ಥೆಯು, 2007ರ ಜನವರಿಯಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ‘ರೆಡಿಬೂಸ್ಟ್’ ಎಂಬ ಏರ್ಪಾಡನ್ನು ಮಾಡಿತು. ವಿಂಡೋಸ್ 7, 8 ಮತ್ತು 10ರಲ್ಲಿಯೂ ಅದು ಮುಂದುವರಿಯಿತು. ಕಾರ್ಡು ಅಡುಗೆಯವರ ಪಕ್ಕದ ಒಗ್ಗರಣೆಯ ಡಬ್ಬಿಯಾಗುವುದೆಂದೇ ತಿಳಿಯಿರಿ. ಸಾಸಿವೆ, ಜೀರಿಗೆ, ಅರಿಸಿನ ಮೊದಲಾದ ಚಿಕ್ಕ ಪದಾರ್ಥಗಳು ಪದೇಪದೇ ಬೇಕು. ಅವಕ್ಕಾಗಿ ಪ್ರತಿಸಲವೂ ಉಗ್ರಾಣಕ್ಕೆ ನಡೆಯುವುದು ವ್ಯರ್ಥಶ್ರಮ. ಅಕ್ಕಿಯ ಮೂಟೆಯನ್ನಾದರೋ ನೇರವಾಗಿ ಉಗ್ರಾಣದಿಂದಲೇ ತರಬೇಕು. ಗಣಕವೂ ಹೀಗೆಯೇ ಮಾಡುತ್ತದೆ. 4 ಕಿಲೋಬೈಟಿನಂತಹ ಚಿಲ್ಲರೆ ತುಣುಕುಗಳನ್ನು ಕಾರ್ಡಿನಿಂದ ಓದುತ್ತದೆ. ಒಂದೇ ಸಾಲಿನಲ್ಲಿರುವ ದೊಡ್ಡ ಕಡತಗಳನ್ನು ಡಿಸ್ಕಿಗೇ ಬಿಡುತ್ತದೆ. ಏಕೆಂದರೆ ಸಾಲಾಗಿ ಓದುವುದರಲ್ಲಿ ಸಾಧಾರಣ ಕಾರ್ಡಿಗಿಂತ ಡಿಸ್ಕೇ ಚುರುಕು. ಚಿಲ್ಲರೆ ತುಣುಕುಗಳನ್ನು ಸೆಕೆಂಡಿಗೆ ಕನಿಷ್ಠ 2.5 ಮೆಗಾಬೈಟಿನಷ್ಟು ಓದಬಲ್ಲ ಕಾರ್ಡನ್ನೇ ಅದು ಒಪ್ಪುತ್ತಿತ್ತು. ಎಂದರೆ ಸೆಕೆಂಡಿಗೆ ಸುಮಾರು 640 ಓದು. ಡಿಸ್ಕಿಗಿಂತ ಹತ್ತು ಮಡಿಗೂ ಹೆಚ್ಚು.

ಉಪಮಾನವು ಒಂದೆಡೆ ಸಾಲದೆ ಬರುತ್ತದೆ. ಡಬ್ಬಿಯಲ್ಲಿರುವ ಸಾಸಿವೆ ಉಗ್ರಾಣದಲ್ಲಿರುವುದಿಲ್ಲ. ಕಾರ್ಡಿನಲ್ಲಿರುವುದಾದರೋ ಡಿಸ್ಕಿನಲ್ಲಿರುವುದರ ಪ್ರತಿ ಮಾತ್ರ. ಆದಕಾರಣ ನಡುವೆ ಯಾರಾದರೂ ಕಾರ್ಡನ್ನು ಕಿತ್ತರೂ ಮೂಲಕ್ಕೆ ಹಾನಿಯಿಲ್ಲ. ಪ್ರತಿಯನ್ನು ಗೂಢಲಿಪಿಯಲ್ಲಿ ಬರೆಯುವುದರಿಂದ ಕಾರ್ಡು ಕಳೆದುಹೋದರೂ ಪರರು ಓದಲಾರರು.

ಇಷ್ಟು ಅನುಕೂಲವಿದ್ದೂ ಹುಡುಗಿಯ ಲ್ಯಾಪ್‌ಟಾಪು ಏಕೆ ಚುರುಕಾಗಲಿಲ್ಲ? ಕಾರಣಗಳು ಎರಡು. ಮೊದಲನೆಯದು ಗಾತ್ರ. ಕಾರ್ಡಿನ ಪಾಲು ರ‍್ಯಾಮಿಗೆ ಸಮನಾಗಿ, ಇಲ್ಲವೆ ಅದರ ಎರಡೂವರೆ ಮಡಿಯೊಳಗೆ ಇರಬೇಕೆಂಬುದು ಮೈಕ್ರೋಸಾಫ್ಟಿನ ಸಲಹೆಯಾಗಿತ್ತು. ಅವಳ ಯಂತ್ರದ ರ‍್ಯಾಮ್ 2 ಜಿಬಿ. ಬೇಕಾದುದು ಹೆಚ್ಚೆಂದರೆ 5 ಜಿಬಿ. ಉಳಿದ 59 ಜಿಬಿಗೆ ಕೊಟ್ಟ ಹಣವು ವೇಗಕ್ಕೆ ಒದಗಲೇ ಇಲ್ಲ. ಎರಡನೆಯದು ಇನ್ನೂ ಮುಖ್ಯವಾದುದು: ಡಬ್ಬಿ ಎಷ್ಟೇ ಹತ್ತಿರವಿದ್ದರೂ ಕಟ್ಟೆ ಅಗಲವಾಗದು. ಗಣಕವು ಬರೆದಿಡಬೇಕಾದುದೆಲ್ಲವೂ ಕೊನೆಗೆ ಡಿಸ್ಕಿಗೆ ಹೋಗಲೇಬೇಕು. ವಿಸ್ಟಾ ಕಾಲದ ಒಂದು ಪರೀಕ್ಷೆಯಲ್ಲಿ, 512 ಎಂಬಿ ರ‍್ಯಾಮಿನ ಗಣಕಕ್ಕೆ 11.7 ಸೆಕೆಂಡು ಹಿಡಿಯುತ್ತಿದ್ದ ಕೆಲಸವು 1 ಜಿಬಿ ಫ್ಲ್ಯಾಶ್ ಸೇರಿಸಿದಾಗ 2 ಸೆಕೆಂಡಿಗೆ ಇಳಿಯಿತು. ಅದರ ಬದಲು ರ‍್ಯಾಮನ್ನೇ 1 ಜಿಬಿಗೆ ಏರಿಸಿದಾಗ 0.8 ಸೆಕೆಂಡೇ ಸಾಕಾಯಿತು. ಫ್ಲ್ಯಾಶಿನ ಉಪಕಾರ ಸಣ್ಣದಲ್ಲ. ಆದರೂ ಅದು ರ‍್ಯಾಮಿಗೆ ಸಾಟಿಯಲ್ಲ.

ಆದುದರಿಂದ ಹಣ ಬಿಚ್ಚುವ ಮೊದಲು ರೋಗವನ್ನು ಗುರುತಿಸಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿತ್ಯದ ಕೆಲಸ ಮಾಡುತ್ತ ಅದನ್ನು ಗಮನಿಸಿರಿ. ಮೆಮೊರಿಯು ಸದಾ ತುಂಬಿರುವುದಾದರೆ ಬೇಕಾದುದು ರ‍್ಯಾಮ್. ಮೆಮೊರಿಯಲ್ಲಿ ಜಾಗವಿದ್ದೂ ಡಿಸ್ಕು ನೂರರ ಬಳಿಯಲ್ಲೇ ನಿಲ್ಲುವುದಾದರೆ, ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿಸುವುದು ಮೇಲು. ಎಸ್‌ಎಸ್‌ಡಿಯೂ ಫ್ಲ್ಯಾಶ್ ಸ್ಮೃತಿಯೇ ಎಂಬುದು ಸ್ವಾರಸ್ಯಕರವಾದ ಸಂಗತಿ. ಅಲ್ಲಿ ಉಗ್ರಾಣದ ಪಕ್ಕದಲ್ಲಿ ಡಬ್ಬಿಯಿಡುವ ಬದಲು ಉಗ್ರಾಣವನ್ನೇ ಅಡುಗೆಮನೆಯೊಳಕ್ಕೆ ತಂದಂತಾಯಿತು. ಅಂತಹ ಯಂತ್ರಕ್ಕೆ ರೆಡಿಬೂಸ್ಟಿನ ಅಗತ್ಯವೇ ಬೀಳದು. ಇವೆರಡೂ ಸಾಧ್ಯವಿಲ್ಲದೆ, ಮನೆಯಲ್ಲಿ ಕಾರ್ಡೊಂದು ಸುಮ್ಮನೆ ಬಿದ್ದಿದ್ದರೆ ಮಾತ್ರ ಅದನ್ನು ಬಳಸಿ ನೋಡಬಹುದು. ಅದಕ್ಕಾಗಿಯೇ ಹೊಸ ಕಾರ್ಡನ್ನು ಕೊಳ್ಳುವುದು ತರವಲ್ಲ. ಡಿಸ್ಕನ್ನು ಬದಲಿಸುವ ಮುನ್ನ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ಬೇರೆಡೆ ಪ್ರತಿಮಾಡಿಡುವುದನ್ನು ಮರೆಯಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆಯೆಂಬುದನ್ನೂ ಹಳೆಯ ಯಂತ್ರವನ್ನು ಕೊಳ್ಳುವವರು ನೆನಪಿಡತಕ್ಕದ್ದು.

ಹುಡುಗಿಯ ಯಂತ್ರದಲ್ಲಿ ಮೆಮೊರಿಯೇ ತುಂಬಿ ತುಳುಕುತ್ತಿತ್ತು. ತಂದೆಯವರು ಇನ್ನೆರಡು ತಿಂಗಳು ಹಣ ಕೂಡಿಸಿ, ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ವಿಚಾರಿಸಿ, ಆ ಯಂತ್ರಕ್ಕೆ ಹೊಂದುವ ಹಳೆಯ ರ‍್ಯಾಮ್ ಹಲಗೆಯೊಂದನ್ನು ತಂದರು. ಯಂತ್ರವೀಗ ಓದಿಗೆ ಸಾಕಾಗುವಷ್ಟು ಚುರುಕಾಗಿದೆ. ಕಾರ್ಡೂ ವ್ಯರ್ಥವಾಗಲಿಲ್ಲ, ಅದರಲ್ಲಿ ಅವಳು ತನ್ನ ಪಾಠದ ಟಿಪ್ಪಣಿಗಳ ಪ್ರತಿಯನ್ನು ಕಾಪಾಡುತ್ತಿದ್ದಾಳೆ.

ವಿದ್ಯಾರ್ಥಿಗಳೇ, ವಿಜ್ಞಾನವನ್ನು ಓದುವುದು ಪರೀಕ್ಷೆಗಾಗಿ ಮಾತ್ರವಲ್ಲ. ಭಾಗಾಕಾರ ಗುಣಾಕಾರಗಳನ್ನು ಬಲ್ಲ ಯಾರಾದರೂ ಮೇಲಿನ ಲೆಕ್ಕವನ್ನು ಮಾಡಬಹುದಿತ್ತು. ಮಾಡಿದ್ದರೆ ಆ ತಂದೆಯ ಎರಡು ತಿಂಗಳ ಉಳಿತಾಯ ಉಳಿಯುತ್ತಿತ್ತು. ಮನೆಯ ಹಿರಿಯರು ಬೆವರು ಸುರಿಸಿ ಗಳಿಸಿದ ಹಣವನ್ನು ಇನ್ನೊಬ್ಬರ ಮಾತಿಗೆ ಒಪ್ಪಿಸುವ ಮೊದಲು ಅಳೆದು ನೋಡಿರಿ. ಅಳೆಯಲು ಕಲಿತವನ ಕೈಯಲ್ಲಿ ಹಳೆಯ ಯಂತ್ರವೂ ಬಹುಕಾಲ ದುಡಿಯುತ್ತದೆ.