ದೆವ್ವದ ಭಯವೂ ಬಾಣಂತಿಯ ಜೀವವೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಹಗೇವು ಇದ್ದುದನ್ನು ನೀವು ಕಂಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ನೆಲವನ್ನು ಆಳವಾಗಿ ಅಗೆದು, ಜೋಳ ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿ, ತಿಂಗಳುಗಟ್ಟಲೆ ಕಾಳನ್ನು ಕಾಪಾಡುವ ಕ್ರಮವದು. ಇಂತಹ ಹಗೇವನ್ನು ತೆರೆದೊಡನೆ ಒಳಗಿಳಿದ ಗಟ್ಟಿಮುಟ್ಟಾದ ಆಳು ಕೂಗಲೂ ಆಗದೆ ಕುಸಿದು ಬೀಳುವುದುಂಟು. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲಿಯೇ ಬೀಳುವುದುಂಟು. ಮೈಮೇಲೆ ಗಾಯವಿಲ್ಲ, ಹಾವು ಚೇಳು ಕಚ್ಚಿದ ಗುರುತಿಲ್ಲ. ಇದನ್ನು ಕಣ್ಣಾರೆ ಕಂಡವರಿಗೆ ಒಳಗೆ ಏನೋ ಕುಳಿತಿದೆ ಎನಿಸಿದರೆ ಆಶ್ಚರ್ಯವೇನು?

ಆದರೆ ಬಲ್ಲ ಹಿರಿಯರು ಅಲ್ಲಿ ಮಂತ್ರಿಸುವವರಿಗಾಗಿ ಕಾಯಲಿಲ್ಲ. ಹಗೇವಿನ ಬಾಯಿ ತೆರೆದು ಗಾಳಿಯಾಡಲು ಬಿಟ್ಟರು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ದೀಪ ನಂದಿದರೆ ಯಾರನ್ನೂ ಇಳಿಸಲಿಲ್ಲ. ಕಾಳು ಕೂಡ ಜೀವವಿರುವ ವಸ್ತು. ಮುಚ್ಚಿದ ಹಗೇವಿನಲ್ಲಿ ಅದು ಆಮ್ಲಜನಕವನ್ನು ಹೀರಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತದೆ. ಗಾಳಿಗಿಂತ ಭಾರವಾದ ಈ ಅನಿಲ ತಳದಲ್ಲಿ ನಿಲ್ಲುತ್ತದೆ. ಮನುಷ್ಯನನ್ನು ಬೀಳಿಸುವುದು ಅದೇ. ಪಾಳುಬಿದ್ದ ಬಾವಿಗಳಲ್ಲಿಯೂ ಇಂತಹ ಅಪಾಯವಿರುತ್ತದೆ. ದೀಪ ಉರಿಯಿತೆಂದ ಮಾತ್ರಕ್ಕೆ ಅಪಾಯ ಪೂರ್ತಿ ಕಳೆಯಿತೆಂದು ತಿಳಿಯಬಾರದು. ಚೆನ್ನಾಗಿ ಗಾಳಿಯಾಡಿಸದೆ, ಮೇಲೆ ಜನರಿಲ್ಲದೆ ಇಳಿಯಲೇಬಾರದು.

ಕಾರಣ ಕಾಣದಲ್ಲಿ ದೆವ್ವ ಕಾಣುತ್ತದೆ. ಕಾರಣ ಕಂಡಲ್ಲಿ ಉಪಾಯ ಕಾಣುತ್ತದೆ. ಹಗೇವಿನ ಬಾಯಲ್ಲಿ ನಮ್ಮವರು ತೋರಿದ ಈ ವಿವೇಕವನ್ನು ಬಾಣಂತಿಯ ಕೋಣೆಯ ಬಾಗಿಲಲ್ಲಿಯೂ ತೋರಬೇಕೆಂಬುದೇ ಈ ಪಾಠದ ಉದ್ದೇಶ.

ಜನರು ಏಕೆ ನಂಬುತ್ತಾರೆ?

ದೆವ್ವವನ್ನು ನಂಬುವವರು ದಡ್ಡರಲ್ಲ. ಅವರ ಭಯ ಸುಳ್ಳಲ್ಲ, ಅವರು ಪಟ್ಟ ಕಷ್ಟವೂ ಸುಳ್ಳಲ್ಲ. ನಂಬಿಕೆ ಬೇರೂರಲು ಕೆಲವು ಸಹಜ ಕಾರಣಗಳಿವೆ.

ಮೊದಲನೆಯದು, ದೇಹದ ಅನುಭವ. ನಡುರಾತ್ರಿ ಎಚ್ಚರವಾಗಿ, ಎದೆಯ ಮೇಲೆ ಯಾರೋ ಕುಳಿತಂತೆ, ಕೂಗಲು ಬಾಯಿ ಬಾರದಂತೆ, ಕೈಕಾಲು ಆಡದಂತೆ ಆದ ಅನುಭವ ಅನೇಕರಿಗಿದೆ. ಕನಸು ಬೀಳುವ ಹೊತ್ತಿನಲ್ಲಿ ನಮ್ಮ ಸ್ನಾಯುಗಳು ಸಡಿಲಗೊಂಡಿರುತ್ತವೆ. ಒಮ್ಮೊಮ್ಮೆ ದೇಹಕ್ಕಿಂತ ಮೊದಲು ಮನಸ್ಸು ಎಚ್ಚರಗೊಳ್ಳುತ್ತದೆ, ಆಗ ಹೀಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಸರಿಹೋಗುತ್ತದೆ. ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ಕಾದು ಹೊಲಕ್ಕೆ ನೀರು ಹಾಯಿಸುವ ರೈತನಿಗೂ, ಕೂಸಿನ ಸಲುವಾಗಿ ನಿದ್ದೆಗೆಟ್ಟ ತಾಯಿಗೂ ಇದು ಹೆಚ್ಚಾಗಿ ಆಗಬಹುದು.

ಎರಡನೆಯದು, ಉಪಾಯ ಫಲಿಸಿದಂತೆ ತೋರುವುದು. ಮೂರ್ಛೆ ಬಂದವನಿಗೆ ಚಪ್ಪಲಿ ಮೂಸಿಸುತ್ತಾರೆ, ಉಳ್ಳಾಗಡ್ಡಿ ಹಿಡಿಯುತ್ತಾರೆ, ಕೈಗೆ ಕಬ್ಬಿಣ ಕೊಡುತ್ತಾರೆ. ಸೆಳವು ನಿಲ್ಲುತ್ತದೆ. ಆದರೆ ಮೂರ್ಛೆರೋಗದ ಸೆಳವು ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವಂಥದು. ಕಬ್ಬಿಣ ಕೊಡದಿದ್ದರೂ ನಿಲ್ಲುತ್ತಿತ್ತು.

ಮೂರನೆಯದು, ಕೂಡಿಬಂದುದನ್ನು ನೆನೆದು ಕೂಡಿಬಾರದುದನ್ನು ಮರೆಯುವುದು. 1990ರ ದಶಕದಲ್ಲಿ ಬೆಂಗಳೂರು ಮೊದಲಾದ ಕಡೆಗಳಲ್ಲಿ ಒಂದು ವದಂತಿ ಹಬ್ಬಿತು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂದರು. ಜನರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಬರೆದ ಮನೆಗೆ ದೆವ್ವ ಬರಲಿಲ್ಲ, ನಿಜ. ಬರೆಯದ ಮನೆಗಾದರೂ ಬಂದಿತ್ತೇ? ಆ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಇಂತಹ ಪ್ರಶ್ನೆಗಳನ್ನು ಕೇಳುವುದಕ್ಕೆಂದೇ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗಾಗಿ ಒಂದು ಸಮಿತಿಯನ್ನು ರಚಿಸಿದರು. ಅದಕ್ಕೂ ಎಂಟು ನೂರು ವರ್ಷಗಳ ಹಿಂದೆ, ಬಾಗೇವಾಡಿಯ ಸೀಮೆಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ಕುರುಡು ನಂಬಿಕೆಯನ್ನು ಪ್ರಶ್ನಿಸಿದ್ದರು. ಆದುದರಿಂದ ಪ್ರಶ್ನಿಸುವುದು ಈ ನೆಲಕ್ಕೆ ಹೊಸದಲ್ಲ.

ಕೂಸುಗಳನ್ನು ಬಿಟ್ಟುಹೋದ ‘ದೆವ್ವ’

ನಿಮ್ಮ ಅಜ್ಜಿಯರನ್ನು ಕೇಳಿನೋಡಿ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಹುಟ್ಟಿದ ಒಂದು ವಾರದ ಸುಮಾರಿಗೆ ಬಾಯಿ ತೆರೆಯದಾಗಿ, ಮುಟ್ಟಿದರೆ ಬಿಲ್ಲಿನಂತೆ ಸೆಟೆದು, ತೀರಿಹೋಗುತ್ತಿದ್ದುದನ್ನು ಅವರು ಹೇಳಿಯಾರು. ಗಾಳಿ ಸೋಕಿತೆಂದು ಇಳಿ ತೆಗೆದು, ತಾಯತ ಕಟ್ಟಿದರೂ ಕೂಸು ಉಳಿಯುತ್ತಿರಲಿಲ್ಲ. ಅದು ಧನುರ್ವಾಯು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದಲೋ ಹಳೆಯ ಬ್ಲೇಡಿನಿಂದಲೋ ಕೊಯ್ದಾಗ, ಅದಕ್ಕೆ ಬೂದಿ ಸೆಗಣಿ ಹಚ್ಚಿದಾಗ, ರೋಗಾಣು ಒಳಸೇರುತ್ತಿತ್ತು. ಗರ್ಭಿಣಿಯರಿಗೆ ಚುಚ್ಚುಮದ್ದು, ಶುದ್ಧವಾದ ಬ್ಲೇಡು, ಆಸ್ಪತ್ರೆಯಲ್ಲಿ ಹೆರಿಗೆ, ಇವು ಬಂದ ಮೇಲೆ ರೋಗ ತಗ್ಗುತ್ತ ಬಂದಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಬಂದಿತೆಂದು 2015ರಲ್ಲಿ ಘೋಷಿಸಲಾಯಿತು. ಸಾವಿರ ಜನನಗಳಲ್ಲಿ ಒಂದಕ್ಕಿಂತ ಕಡಿಮೆ ಎಂಬುದು ಆ ಮಟ್ಟ. ಇಷ್ಟು ಕೂಸುಗಳನ್ನು ಉಳಿಸಿದುದು ಯಾವ ತಾಯತವೂ ಅಲ್ಲ; ಸೂಜಿ ಮತ್ತು ಶುಚಿತ್ವ.

ಬಾಣಂತಿಯ ಮೂರು ಗಂಡಾಂತರಗಳು

ಈಗಲೂ ‘ಹೊರಗಿನ ಗಾಳಿ’ ಎಂಬ ಹೆಸರಿನಲ್ಲಿ ಮರೆಯಾಗಿರುವ ಮೂರು ಕಾಯಿಲೆಗಳನ್ನು ಗಂಡಹೆಂಡಿರಿಬ್ಬರೂ ತಿಳಿದಿರಬೇಕು.

ಒಂದು, ಸೆಳವು. ಐದು ತಿಂಗಳು ತುಂಬಿದ ಗರ್ಭಿಣಿಗೆ ರಕ್ತದ ಒತ್ತಡ 140/90 ಅಥವಾ ಅದಕ್ಕಿಂತ ಮೇಲೆ ಏರಿದರೆ ಎಚ್ಚರಿಕೆ ಬೇಕು. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಬಾಯುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇವು ಮುನ್ಸೂಚನೆಗಳು. ಅನಂತರ ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಮೈ ಸೆಳೆಯುತ್ತದೆ. ಹೆರಿಗೆಗೆ ಮುಂಚೆ, ಹೆರಿಗೆಯ ಹೊತ್ತಿನಲ್ಲಿ, ಹೆರಿಗೆಯಾದ ಮೇಲೂ ಹೀಗಾಗಬಹುದು. ಹೆರಿಗೆಯ ನಂತರದ ಎರಡು ದಿನಗಳಲ್ಲಿ ಅಪಾಯ ಹೆಚ್ಚು. ನೋಡುವವರಿಗೆ ಇದು ದೆವ್ವ ಬಡಿದಂತೆಯೇ ಕಾಣುತ್ತದೆ. ಒಂದು ಸೆಳವು ನಿಂತಿತೆಂದು ಸುಮ್ಮನಾದರೆ ಇನ್ನೊಂದು ಬರುತ್ತದೆ. ತಾಯಿಯ ಮೆದುಳಿಗೂ, ಹೆರಿಗೆಯಾಗಿರದಿದ್ದರೆ ಹೊಟ್ಟೆಯೊಳಗಿನ ಕೂಸಿಗೂ, ಹಾನಿಯಾಗುತ್ತದೆ. ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಚುಚ್ಚುಮದ್ದಿದೆ. ಮತ್ತೆ ಸೆಳವು ಬಾರದಂತೆ ತಡೆಯುವುದರಲ್ಲಿ ಇದು ಹಿಂದಿನ ಔಷಧಗಳಿಗಿಂತ ಮೇಲೆಂದು ಹಲವು ದೇಶಗಳಲ್ಲಿ ನಡೆದ ಪರೀಕ್ಷೆಯೊಂದು 1995ರಲ್ಲಿಯೇ ತೋರಿಸಿತು. ಆದರೆ ಇದು ಸಕಾಲದಲ್ಲಿ ದೊರೆಯಬೇಕು.

ಎರಡು, ಬಾಣಂತಿ ಜ್ವರ. ಚಳಿ ನಡುಕದೊಡನೆ ಜ್ವರ, ಕಿಬ್ಬೊಟ್ಟೆಯಲ್ಲಿ ನೋವು, ದುರ್ವಾಸನೆಯ ಸ್ರಾವ, ಮುಂದೆ ಬಡಬಡಿಕೆ. ಗರ್ಭಕೋಶಕ್ಕೆ ನಂಜೇರಿದುದರ ಲಕ್ಷಣಗಳಿವು. ಕೂಡಲೇ ಆಸ್ಪತ್ರೆಯಲ್ಲಿ ನಂಜುನಿರೋಧಕ ಔಷಧ ಬೇಕು.

ಮೂರು, ಬಾಣಂತಿ ಸನ್ನಿ. ಸಾವಿರ ಬಾಣಂತಿಯರಲ್ಲಿ ಒಬ್ಬರು ಇಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಇದು ಬರುತ್ತದೆ. ನಿದ್ದೆ ಹೋಗುತ್ತದೆ. ತನ್ನಷ್ಟಕ್ಕೆ ಮಾತಾಡುತ್ತಾಳೆ, ನಗುತ್ತಾಳೆ, ಯಾರಿಗೂ ಕೇಳದ ದನಿ ಕೇಳುತ್ತದೆ ಎನ್ನುತ್ತಾಳೆ, ಕೂಸು ತನ್ನದಲ್ಲವೆಂದರೂ ಎನ್ನಬಹುದು. ಇದು ಮೆದುಳಿನ ಕಾಯಿಲೆ, ಗುಣವಾಗುವ ಕಾಯಿಲೆ. ಆದರೆ ಚಿಕಿತ್ಸೆ ತಡವಾದರೆ ತಾಯಿ ತನಗೋ ಕೂಸಿಗೋ ಅಪಾಯ ಮಾಡಿಕೊಳ್ಳುವ ಸಂಭವವಿದೆ. ಆಕೆಯನ್ನೂ ಕೂಸನ್ನೂ ಒಂಟಿಯಾಗಿ ಬಿಡಬಾರದು.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಅಮಾವಾಸ್ಯೆಯ ಹಿಂದಿನ ರಾತ್ರಿ, ಹೆರಿಗೆಯಾಗಿ ಒಂದು ದಿನವಾದ ಸೊಸೆಗೆ ಸೆಳವು ಬಂದಿದೆ. “ಗಾಳಿ ಬಡದೈತಿ, ಮೊದಲು ಮಂತ್ರಸವರ ಕಡೆ ಕರಕೊಂಡು ಹೋಗ್ರಿ” ಎನ್ನುತ್ತಾಳೆ ಅತ್ತೆ. ಆಕೆ ಕೆಟ್ಟವಳಲ್ಲ; ಸೊಸೆ ಉಳಿಯಲೆಂದೇ ಹೇಳುತ್ತಿದ್ದಾಳೆ. ಮಗ ಹೊಸ್ತಿಲಲ್ಲಿ ನಿಂತಿದ್ದಾನೆ. ತಾಯಿಯ ಮಾತು ಮೀರಲಾರ, ಹೆಂಡತಿಯ ಮುಖ ನೋಡಲಾರ. ಅವನು ಅಲ್ಲಿ ಕಳೆಯುವ ಒಂದೊಂದು ಗಳಿಗೆಯೂ ಹೆಂಡತಿಯ ಆಯುಸ್ಸಿನಿಂದ ಕಳೆಯುತ್ತದೆ. ಅವನು ಹೇಳಬೇಕಾದ ಮಾತು ಇಷ್ಟೇ: “ಅವ್ವಾ, ನೀ ದೇವರಿಗೆ ಹರಕಿ ಕಟ್ಟು, ನಾ ಗಾಡಿ ಕರಸ್ತೀನಿ.” ಈ ಮಾತಿನಿಂದ ಯಾರಿಗೂ ಅವಮಾನವಿಲ್ಲ. ಸೊಸೆಯ ಜೀವವೂ ಉಳಿದೀತು.

ಮೈಮೇಲೆ ಬರುವುದು

ಕೆಲವು ಹೆಣ್ಣುಮಕ್ಕಳಿಗೆ ಸೆಳವೂ ಇರುವುದಿಲ್ಲ, ಜ್ವರವೂ ಇರುವುದಿಲ್ಲ. ಆದರೂ ಸತ್ತವರ ದನಿಯಲ್ಲಿ ಮಾತಾಡುತ್ತಾರೆ, ತಲೆಗೂದಲು ಬಿಚ್ಚಿ ತೂಗುತ್ತಾರೆ. ಇದು ನಟನೆಯೆಂದು ಹಂಗಿಸಬಾರದು. ಹೇಳಲಾರದ ದುಃಖ ಬಹುಕಾಲ ಒಳಗೇ ಕುದಿದಾಗ ಮನಸ್ಸು ತನ್ನ ಅರಿವಿಲ್ಲದೆಯೇ ಹೀಗೆ ದಾರಿ ಹುಡುಕುವುದುಂಟು. ಮಕ್ಕಳಾಗಲಿಲ್ಲವೆಂಬ ಚುಚ್ಚುಮಾತು, ಮೇಲಿಂದ ಮೇಲೆ ಹೆರಿಗೆ, ಗಂಡನ ಕುಡಿತ, ತವರಿಗೆ ಕಳಿಸದಿರುವುದು, ಇವುಗಳಲ್ಲಿ ಯಾವುದಾದರೂ ಇರಬಹುದು. ‘ದೆವ್ವ’ ಕೇಳುವ ಸೀರೆ, ಊಟ, ವಿಶ್ರಾಂತಿ ಯಾರಿಗೆ ಬೇಕಾಗಿದ್ದವು ಎಂದು ಮನೆಯವರು ಒಮ್ಮೆ ಯೋಚಿಸಬೇಕು. ದೆವ್ವದ ಮಾತಿಗೆ ಕಿವಿಗೊಡುವ ಮನೆ ಸೊಸೆಯ ಮಾತಿಗೂ ಕಿವಿಗೊಟ್ಟರೆ ಅರ್ಧ ಚಿಕಿತ್ಸೆ ಆದಂತೆ. ಉಳಿದರ್ಧಕ್ಕೆ ವೈದ್ಯರಿದ್ದಾರೆ. ಮನೋರೋಗಕ್ಕೆ ಹಳ್ಳಿಯ ಹತ್ತಿರದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಆ ಮಾದರಿಯ ಮೇಲೆ ರೂಪುಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಆರಂಭವಾಯಿತು.

ದೇವರು, ಹರಕೆ ಮತ್ತು ಔಷಧ

ಭೀಮಾ ನದಿಯ ದಂಡೆಯ ಗಾಣಗಾಪುರಕ್ಕೆ ಗಾಳಿ ಹಿಡಿದವರೆಂದು ಹೇಳಲಾದ ಅನೇಕರನ್ನು ಕರೆತರುವುದು ನಿಮಗೆ ಗೊತ್ತಿದೆ. ದರ್ಶನದಿಂದ ಮನಸ್ಸಿಗೆ ಸಮಾಧಾನ ದೊರೆಯುವುದಾದರೆ ಹೋಗಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಔಷಧದ ಸಂಚಿಯನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಮೇಲೆ ಹೇಳಿದ ಮೂರು ಗಂಡಾಂತರಗಳಲ್ಲಿ ಮೊದಲು ಆಸ್ಪತ್ರೆ, ಆಮೇಲೆ ಯಾತ್ರೆ.

ದೆವ್ವ ಬಿಡಿಸುತ್ತೇವೆಂದು ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಚಿಕಿತ್ಸೆಯಲ್ಲ, ಅಪರಾಧ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕವು 2017ರಲ್ಲಿ ರೂಪಿಸಿತು. ಅದು 2020ರಲ್ಲಿ ಜಾರಿಗೆ ಬಂದಿತು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯೋಪಚಾರ ತಪ್ಪಿಸಿ ಮಂತ್ರ ಹಾಕುವುದನ್ನೂ ಅದು ನಿಷೇಧಿಸುತ್ತದೆ. ಪೂಜೆ, ಹರಕೆ, ಯಾತ್ರೆಗಳಿಗೆ ಅದರ ಅಡ್ಡಿಯಿಲ್ಲ.

ಮನೆಯವರು ಮಾಡಬೇಕಾದುದು

1. ಗರ್ಭಿಣಿಯ ರಕ್ತದ ಒತ್ತಡ ಮತ್ತು ಮೂತ್ರವನ್ನು ಉಪಕೇಂದ್ರದಲ್ಲಿ ತಪ್ಪದೆ ಪರೀಕ್ಷೆ ಮಾಡಿಸಿರಿ. ಪತಿಯೂ ಜೊತೆಗೆ ಹೋಗಲಿ.

2. ಸೆಳವು ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಬಾಯಿಗೆ ನೀರು, ಚಮಚ, ಬಟ್ಟೆ, ಏನನ್ನೂ ಹಾಕಬೇಡಿರಿ. ಅದುಮಿ ಹಿಡಿಯಬೇಡಿರಿ.

3. ಕೂಡಲೇ 108ಕ್ಕೆ ಕರೆಮಾಡಿರಿ. ಆಶಾ ಕಾರ್ಯಕರ್ತೆಗೂ ತಿಳಿಸಿರಿ. ವಾಹನ ಬರುವವರೆಗೆ ತಾಯಿ ಕಾರ್ಡನ್ನು ಕೈಯಲ್ಲಿಟ್ಟುಕೊಳ್ಳಿರಿ.

4. ಮನಸ್ಸಿನ ತೊಂದರೆಗೆ 14416 ಎಂಬ ಟೆಲಿ-ಮನಸ್ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು.

5. ಹೆರಿಗೆಗೆ ಮುಂಚೆಯೇ ಅತ್ತೆ, ಮಾವ, ತವರಿನವರೊಡನೆ ಕುಳಿತು ಮಾತಾಡಿರಿ. ರಾತ್ರಿ ಗಂಡಾಂತರ ಬಂದರೆ ಯಾರು ಕರೆಮಾಡಬೇಕು, ಯಾರು ಜೊತೆಗೆ ಹೋಗಬೇಕು ಎಂಬುದನ್ನು ಹಗಲಲ್ಲಿಯೇ ನಿರ್ಧರಿಸಿರಿ. ಭಯದ ಗಳಿಗೆಯಲ್ಲಿ ವಾದಕ್ಕೆ ಸಮಯವಿರುವುದಿಲ್ಲ.

ಚರ್ಚಿಸಿರಿ

ನಿಮ್ಮ ಊರಿನಲ್ಲಿ ಗಾಳಿ ಬಡಿಯಿತೆಂದು ಹೇಳಿದ ಒಂದು ಸಂಗತಿಯನ್ನು ನೆನೆದುಕೊಳ್ಳಿರಿ. ಈ ಪಾಠದಲ್ಲಿ ಹೇಳಿದ ಯಾವ ಲಕ್ಷಣ ಅಲ್ಲಿತ್ತು? ಆಸ್ಪತ್ರೆಗೆ ಹೋಗಲು ಎಷ್ಟು ಹೊತ್ತಾಯಿತು? ಏಕೆ? ಅಂತಹ ರಾತ್ರಿ ನಿಮ್ಮ ಮನೆಗೆ ಬಂದರೆ ಹೊಸ್ತಿಲಲ್ಲಿ ನಿಂತ ನೀವು ಏನು ಹೇಳುವಿರಿ?

ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡಿದವರ ಮಕ್ಕಳು ನೀವು. ಬಾಣಂತಿಯ ಕೋಣೆಯಲ್ಲಿಯೂ ಮೊದಲು ಕಾರಣವನ್ನು ನೋಡಿರಿ.