ಗೋಧಿಯು ಒಗ್ಗದಿರುವ ರೋಗವೂ ಅದನ್ನು ಗುರುತಿಸುವ ಕ್ರಮವೂ

ಕಣಜದಲ್ಲಿ ಧಾನ್ಯವೂ ಕೊಟ್ಟಿಗೆಯಲ್ಲಿ ಕರಾವೂ ಇರುವ ಮನೆಯಲ್ಲಿ ಒಂದು ಮಗು ಮಾತ್ರ ಏಳಿಗೆಯಿಲ್ಲದೆ ಉಳಿಯುವುದುಂಟು. ಮಿಕ್ಕ ಮಕ್ಕಳಿಗಿರುವ ಊಟವೇ ಅದಕ್ಕೂ ಇರುವುದು. ಆದರೂ ಹೊಟ್ಟೆಯು ಮುಂದಕ್ಕೆ ಬಂದು, ಕೈಕಾಲುಗಳು ಸೊರಗಿ, ಮೈ ಬಿಳಿಚಿಕೊಂಡು, ಮೇಲಿಂದ ಮೇಲೆ ಭೇದಿಯಾಗುತ್ತಿರುವುದು. ಜಂತುಹುಳುವಿಗೆ ಔಷಧ ಕೊಟ್ಟದ್ದಾಯಿತು, ದೃಷ್ಟಿ ತೆಗೆದದ್ದಾಯಿತು, ಟಾನಿಕ್ಕು ಕುಡಿಸಿದ್ದಾಯಿತು. ಗುಣವು ಮಾತ್ರ ಕಾಣದು. ಇನ್ನೆರಡು ಚಪಾತಿ ಹೆಚ್ಚಾಗಿ ತಿನ್ನಿಸಿದರೆ ಶಕ್ತಿ ಬಂದೀತೆಂದು ಹಿರಿಯರು ಹೇಳುವರು. ಆದರೆ ಇಂತಹ ಕೆಲವು ಮಕ್ಕಳಲ್ಲಿ ಕೇಡಿಗೆ ಮೂಲವು ಆ ಚಪಾತಿಯೇ ಆಗಿರುವುದು. ಈ ರೋಗಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಇದನ್ನು ಗುಣಪಡಿಸುವ ಮಾತ್ರೆಯಿಲ್ಲ. ಸರಿಯಾದ ಧಾನ್ಯವೇ ಇದಕ್ಕೆ ಮದ್ದು. ಆದಕಾರಣ ಧಾನ್ಯವನ್ನು ಬೆಳೆದು, ಕೂಡಿಟ್ಟು, ಊರಿಗೆ ಒದಗಿಸುವ ಜಮೀನುದಾರರೂ ಗ್ರಾಮದ ಮುಖಂಡರೂ ಇದರ ವಿಚಾರವನ್ನು ತಿಳಿದಿರುವುದು ಅವಶ್ಯಕ.

ಗ್ಲುಟೆನ್ ಎಂಬ ಅಂಟು

ಒಂದು ಹಿಡಿ ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಬೇಕು. ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹೋಗಿ, ಎಳೆದರೆ ಹಿಗ್ಗುವ ಬೂದುಬಣ್ಣದ ಅಂಟೊಂದು ಕೈಯಲ್ಲಿ ಉಳಿಯುವುದು. ಇದೇ ಗ್ಲುಟೆನ್. ರಾಗಿಹಿಟ್ಟನ್ನು ಹೀಗೆ ತೊಳೆದರೆ ಏನೂ ಉಳಿಯದು. ಚಪಾತಿಯು ಹರಿಯದಂತೆ ಲಟ್ಟಿಸಲು ಬರುವುದೂ, ಬ್ರೆಡ್ಡು ಉಬ್ಬುವುದೂ, ಶ್ಯಾವಿಗೆಯು ಎಳೆಯಾಗಿ ನಿಲ್ಲುವುದೂ ಈ ಅಂಟಿನ ಗುಣದಿಂದಲೇ. ಇದು ಗೋಧಿಯಲ್ಲಿರುವ ಸಸಾರಜನಕದ ಬಹುಭಾಗ. ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿಯೂ ಇದೇ ಜಾತಿಯ ಸಾರವುಂಟು. ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಇದರಿಂದ ಸೀಲಿಯಾಕ್ ರೋಗವು ಬರುವುದಿಲ್ಲ. ಹೀಗಾಗಿ ಗೋಧಿಯನ್ನೇ ವಿಷವೆಂದು ಎಲ್ಲರೂ ಬಿಡತಕ್ಕ ಕಾರಣವಿಲ್ಲ.

ಕರುಳಿಗೆ ಆಗುವ ಹಾನಿ

ಸಣ್ಣ ಕರುಳಿನ ಒಳಮೈಯಲ್ಲಿ ಮಕಮಲ್ಲಿನ ನವಿರಿನಂತೆ ಅಸಂಖ್ಯ ಸೂಕ್ಷ್ಮ ಅಂಕುರಗಳಿರುವುವು. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಸೀಲಿಯಾಕ್ ರೋಗವುಳ್ಳವರಲ್ಲಿ ಗ್ಲುಟೆನ್ ಒಳಹೊಕ್ಕೊಡನೆ ಶರೀರದ ರಕ್ಷಣಾಶಕ್ತಿಯು ಅದನ್ನು ಶತ್ರುವೆಂದು ಭಾವಿಸಿ ಹೋರಾಡುವುದು; ಆ ಹೋರಾಟದಲ್ಲಿ ತನ್ನ ಕರುಳಿನ ಅಂಕುರಗಳನ್ನೇ ಸವೆಯಿಸುವುದು. ರೈತರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮಣ್ಣಿನಲ್ಲಿ ಗೊಬ್ಬರವೂ ತೇವವೂ ಸಾಕಷ್ಟಿದ್ದರೂ ಬೇರಿನ ನವಿರುಗಳು ಕೊಳೆತುಹೋದ ಗಿಡವು ಹಳದಿಯಾಗಿ ಬಾಡುವುದಷ್ಟೆ? ಅಂತಹ ಗಿಡಕ್ಕೆ ಇನ್ನಷ್ಟು ಗೊಬ್ಬರ ಹಾಕಿ ಫಲವಿಲ್ಲ. ಬೇರನ್ನು ಕೊಳೆಯಿಸುವ ಕಾರಣವನ್ನು ತೆಗೆಯಬೇಕು.

ಭೇದಿಯೊಂದೇ ಇದರ ಲಕ್ಷಣವಲ್ಲ. ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ವಯಸ್ಸಿಗೆ ತಕ್ಕ ಎತ್ತರ ಬಾರದಿರುವುದು, ತಡವಾಗಿ ಪ್ರಾಯಕ್ಕೆ ಬರುವುದು, ಬಾಯಿಹುಣ್ಣು, ಮೂಳೆಗಳ ದೌರ್ಬಲ್ಯ, ಮೇಲಿಂದ ಮೇಲೆ ಗರ್ಭಸ್ರಾವ, ಮೊಣಕೈ ಮೊಣಕಾಲುಗಳಲ್ಲಿ ವಿಪರೀತ ತುರಿಸುವ ಗುಳ್ಳೆಗಳು, ಇವುಗಳ ಹಿಂದೆಯೂ ಈ ರೋಗವು ಅಡಗಿರಬಹುದು. ಕೆಲವರಿಗೆ ಭೇದಿಯ ಬದಲು ಮಲಬದ್ಧತೆಯೇ ಇರುವುದು.

ಮೂಲವನ್ನು ಕಂಡುಹಿಡಿದ ಬಗೆ

ಲಂಡನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಗೀ ಎಂಬವರು 1888ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟರು. ಆದರೆ ಯಾವ ಆಹಾರವನ್ನು ಬಿಡಬೇಕೆಂಬುದು ಆಗ ತಿಳಿಯಲಿಲ್ಲ. ಅದನ್ನು ತೋರಿಸಿಕೊಟ್ಟವರು ಹಾಲೆಂಡ್ ದೇಶದ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಅವರಿಗೆ ಯುದ್ಧಕ್ಕೆ ಮೊದಲೇ ಸಂಶಯವಿದ್ದಿತು. 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಘೋರವಾದ ಕ್ಷಾಮ ಬಂದು ಬ್ರೆಡ್ಡು ಸಿಕ್ಕದಂತಾಯಿತು. ಊರೆಲ್ಲ ಹಸಿವಿನಿಂದ ಬಳಲುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ಡು ಮರಳಿ ಬಂದಾಗ ಅವರ ರೋಗವೂ ಮರಳಿ ಬಂದಿತು. ಡಿಕ್ಕೆಯವರು ಇಷ್ಟಕ್ಕೇ ತೃಪ್ತರಾಗದೆ, ಮಕ್ಕಳಿಗೆ ಒಮ್ಮೆ ಗೋಧಿಯನ್ನು ಕೊಟ್ಟೂ ಒಮ್ಮೆ ಬಿಡಿಸಿಯೂ ವರ್ಷಗಟ್ಟಲೆ ತೂಕ ಎತ್ತರಗಳನ್ನು ಬರೆದಿಟ್ಟು, 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ವಿಷಯವನ್ನು ಸಿದ್ಧಪಡಿಸಿದರು. ಒಂದು ಪದಾರ್ಥವನ್ನು ಬಿಟ್ಟು ನೋಡುವುದು, ಮತ್ತೆ ಕೊಟ್ಟು ನೋಡುವುದು, ಕಂಡದ್ದನ್ನು ಬರೆದಿಡುವುದು ಎಂಬ ಈ ಕ್ರಮವು ಗೊಬ್ಬರದ ಪರೀಕ್ಷೆಗೆ ಹೊಲದಲ್ಲಿ ತಾಕುಗಳನ್ನು ಮಾಡಿ ನೋಡುವ ಕ್ರಮವನ್ನೇ ಹೋಲುವುದು.

ಭಾರತದಲ್ಲಿ ಇದರ ಸ್ಥಿತಿ

ಇದು ಪರದೇಶದ ರೋಗವೆಂದು ಅಲಕ್ಷ್ಯ ಮಾಡಕೂಡದು. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಭಾರತದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಲಾಯಿತು. ಈ ರೋಗವನ್ನು ಸೂಚಿಸುವ ಅಂಶವು ರಕ್ತದಲ್ಲಿ ಕಂಡುಬಂದದ್ದು ಉತ್ತರದಲ್ಲಿ ಸಾವಿರಕ್ಕೆ ಸುಮಾರು 12 ಮಂದಿಗೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ. ಆದರೆ ರೋಗಕ್ಕೆ ಎಡೆಗೊಡುವ ವಂಶಗುಣವು ಉತ್ತರದಲ್ಲಿ ನೂರಕ್ಕೆ 38 ಮಂದಿಯಲ್ಲಿದ್ದರೆ ದಕ್ಷಿಣದಲ್ಲಿಯೂ 36 ಮಂದಿಯಲ್ಲಿದ್ದಿತು. ಭೇದವು ಮುಖ್ಯವಾಗಿ ಕಂಡದ್ದು ಊಟದಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿಯನ್ನು ಉಣ್ಣುತ್ತಿದ್ದರು, ದಕ್ಷಿಣದವರು 25 ಗ್ರಾಂ ಮಾತ್ರ. ಬೀಜವು ಎರಡು ಕಡೆಯೂ ಇದೆ. ಮಳೆಯು ಒಂದು ಕಡೆ ಹೆಚ್ಚು ಎಂದು ಹೇಳಬಹುದು. ಧಾರವಾಡ, ವಿಜಯಪುರ, ಬೆಳಗಾವಿ ಮೊದಲಾದ ಸೀಮೆಗಳಲ್ಲಿ ಗೋಧಿಯು ಹಿಂದಿನಿಂದಲೂ ಬೆಳೆಯಾಗಿದೆ. ರಾಗಿಯ ಸೀಮೆಯಲ್ಲಿಯೂ ಚಪಾತಿ, ಬಿಸ್ಕತ್ತು, ಬ್ರೆಡ್ಡುಗಳು ಮನೆಮನೆಯನ್ನು ಸೇರಿವೆ. ಆದುದರಿಂದ ಕರ್ನಾಟಕದವರೂ ಎಚ್ಚರದಿಂದಿರುವುದು ಯುಕ್ತ.

ಗುರುತಿಸುವ ಕ್ರಮ

ಇಲ್ಲಿ ಜನರು ಮಾಡುವ ದೊಡ್ಡ ತಪ್ಪೊಂದುಂಟು. ಸಂಶಯ ಬಂದ ದಿನವೇ ಗೋಧಿಯನ್ನು ಬಿಡಿಸಿ, ತಿಂಗಳುಗಳ ಮೇಲೆ ಆಸ್ಪತ್ರೆಗೆ ಹೋಗುವರು. ಗೋಧಿಯನ್ನು ಬಿಟ್ಟರೆ ರಕ್ತದಲ್ಲಿನ ಗುರುತುಗಳೂ ಕರುಳಿನ ಗಾಯವೂ ಮಾಯುತ್ತ ಬರುವುವು. ಆಗ ಪರೀಕ್ಷೆಯಲ್ಲಿ ಏನೂ ತಿಳಿಯದು. ಆದಕಾರಣ ಎಂದಿನಂತೆ ಗೋಧಿಯನ್ನು ಉಣ್ಣುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಅಗತ್ಯ ಕಂಡರೆ ವೈದ್ಯರು ದುರ್ಬೀನಿನ ನಳಿಗೆಯಿಂದ ಸಣ್ಣ ಕರುಳಿನ ಚೂರನ್ನು ತೆಗೆದು ಪರೀಕ್ಷಿಸುವರು. ಒಬ್ಬರಿಗೆ ರೋಗವು ನಿಶ್ಚಯವಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಆಹಾರ ಒಗ್ಗದಿರುವುದೆಲ್ಲ ಸೀಲಿಯಾಕ್ ರೋಗವಲ್ಲ. ಗೋಧಿಯನ್ನು ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಅದು ಗೋಧಿಯ ಅಲರ್ಜಿ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಾಲು ಕುಡಿದಾಗ ಹೊಟ್ಟೆಯುಬ್ಬರವೂ ಭೇದಿಯೂ ಆಗುವುದಾದರೆ ಹಾಲಿನ ಸಕ್ಕರೆಯು ಅರಗದಿರಬಹುದು. ಇನ್ನು ಕೆಲವರಿಗೆ ಪರೀಕ್ಷೆಗಳಲ್ಲಿ ಯಾವ ರೋಗವೂ ಕಾಣದಿದ್ದರೂ ಗೋಧಿಯಿಂದ ಹೊಟ್ಟೆನೋವು ಬರುವುದುಂಟು. ಸೀಲಿಯಾಕ್ ರೋಗವೂ ಅಲರ್ಜಿಯೂ ಇಲ್ಲವೆಂದು ವೈದ್ಯರು ಹೇಳಿದ ಮೇಲೆ, ಯಾವುದು ಒಗ್ಗದೆಂಬುದನ್ನು ತಿಳಿಯಲು ಒಂದು ಪುಸ್ತಕವನ್ನಿಡಬೇಕು. ದಿನವೂ ಉಂಡದ್ದು, ಉಂಡ ಹೊತ್ತು, ಬಾಧೆ ಕಂಡ ಹೊತ್ತು, ಇವುಗಳನ್ನು ಬರೆಯಬೇಕು. ಅನಂತರ ಒಂದು ಸಲಕ್ಕೆ ಒಂದೇ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಬಿಟ್ಟು, ಗುಣ ಕಂಡರೆ ಮತ್ತೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡಬೇಕು. ಒಮ್ಮೆಗೇ ಹಾಲು, ಗೋಧಿ, ಕಾಳುಗಳನ್ನೆಲ್ಲ ಬಿಟ್ಟರೆ ಕಾರಣವು ತಿಳಿಯುವುದಿಲ್ಲ, ಪುಷ್ಟಿಯು ಕುಂದುವುದು.

ಕೂಡದ ಧಾನ್ಯಗಳು, ಕೂಡುವ ಧಾನ್ಯಗಳು

ಸೀಲಿಯಾಕ್ ರೋಗವುಳ್ಳವರು ಗೋಧಿಯನ್ನು ಜೀವಮಾನವಿಡೀ ಬಿಡಬೇಕು. ಚಪಾತಿ, ಪೂರಿ, ಗೋಧಿ ಶ್ಯಾವಿಗೆ ಮಾತ್ರವೇ ಅಲ್ಲದೆ ಮೈದಾ, ಚಿರೋಟಿ ರವೆ, ಬನ್ಸಿ ರವೆಗಳೂ ಗೋಧಿಯೇ. ಉಪ್ಪಿಟ್ಟು, ಕೇಸರಿಭಾತು, ಹೋಳಿಗೆಯ ಕಣಕ, ಬಿಸ್ಕತ್ತು, ಇವೆಲ್ಲವೂ ಇದರಲ್ಲಿ ಸೇರಿದುವು. ಉತ್ತರ ಕರ್ನಾಟಕದ ಸದಕ ಅಥವಾ ಖಪ್ಲಿ ಗೋಧಿಯು ಸಕ್ಕರೆರೋಗದವರಿಗೆ ಹಿತವೆಂದು ಪ್ರಸಿದ್ಧವಾಗಿರುವುದರಿಂದ, ಅದರಲ್ಲಿ ಗ್ಲುಟೆನ್ ಇಲ್ಲವೆಂದು ಕೆಲವರು ತಿಳಿದಿರುವರು. ಇದು ಶುದ್ಧ ತಪ್ಪು. ಜವೆಗೋಧಿಯೆಂಬ ಹೆಸರನ್ನು ಕೆಲವೆಡೆ ಈ ಗೋಧಿಗೂ ಕೆಲವೆಡೆ ಬಾರ್ಲಿಗೂ ಹೇಳುವರು, ಎರಡೂ ಕೂಡದು. ಅಂಗಡಿಯ ಪುಡಿ ಇಂಗಿಗೆ ಗೋಧಿಹಿಟ್ಟನ್ನು ಬೆರೆಸುವುದುಂಟು. ಬಾರ್ಲಿಯ ಮಾಲ್ಟಿನಿಂದಾದ ಪೇಯದ ಪುಡಿಗಳನ್ನೂ ಬಿಡಬೇಕು. ಮನೆಯಲ್ಲಿ ರಾಗಿಯನ್ನೇ ಮೊಳೆಯಿಸಿ ಮಾಡಿದ ಹಿಟ್ಟು ನಿರಪಾಯಕರ.

ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಬರಗು, ಊದಲು, ಎಲ್ಲ ಬೇಳೆಕಾಳುಗಳು, ಗೆಡ್ಡೆಗಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ, ಇವುಗಳಲ್ಲಿ ಗ್ಲುಟೆನ್ ಇಲ್ಲ. ಬೆಳೆಯುವ ಮಗುವಿಗೆ ರಾಗಿಯು ವಿಶೇಷವಾಗಿ ಹಿತ; 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವುಂಟು. ಉತ್ತರದ ಗೋಧಿಯ ಸೀಮೆಯವರಿಗೆ ಕಷ್ಟವಾದ ಪಥ್ಯವು ಮುದ್ದೆ, ರೊಟ್ಟಿ, ಅನ್ನಗಳ ನಾಡಿನಲ್ಲಿ ಅಷ್ಟು ಕಷ್ಟವಲ್ಲವೆಂಬುದು ಸಮಾಧಾನದ ಸಂಗತಿ.

ಕಣದಿಂದ ಗಿರಣಿಯವರೆಗೆ

ರಾಗಿಯಲ್ಲಿ ಗ್ಲುಟೆನ್ ಇಲ್ಲದಿದ್ದರೂ ರಾಗಿಹಿಟ್ಟಿನಲ್ಲಿ ಇರಬಹುದು. ಗ್ಲುಟೆನ್ ರಹಿತವೆಂದು ಮಾರುವ ಪದಾರ್ಥದ ಒಂದು ಕಿಲೋಗ್ರಾಂನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ಭಾರತದ ಆಹಾರ ನಿಯಮವಿದೆ. ಇದನ್ನು ಕಾಳಿನ ಲೆಕ್ಕದಲ್ಲಿ ನೋಡೋಣ. ಗೋಧಿಯ ಒಂದು ಕಾಳು ಸುಮಾರು 40 ಮಿಲಿಗ್ರಾಂ ತೂಗುವುದು. ಅದರಲ್ಲಿ ಗ್ಲುಟೆನ್ ಸುಮಾರು 3 ಮಿಲಿಗ್ರಾಂ. ಹೀಗಾಗಿ ಒಂದು ಕಿಲೋ ರಾಗಿಗೆ ಆರೇಳು ಕಾಳು ಗೋಧಿ ಬೆರೆತರೆ ಸಾಕು, ಮಿತಿಯು ಮುಟ್ಟಿಹೋಗುವುದು. ಗೋಧಿ ಬೀಸಿದ ಗಿರಣಿಯ ಕಲ್ಲಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಹಿಟ್ಟು ಅಂಟಿಕೊಂಡಿರುವುದು.

ಆದಕಾರಣ ರೋಗಿಯ ಮನೆಗೆ ಬೇಕಾದ ಧಾನ್ಯವನ್ನು ಗೋಧಿ ಒಕ್ಕಿದ ಕಣದಲ್ಲಿ ಒಕ್ಕಬಾರದು. ಗೋಧಿ ತುಂಬಿದ್ದ ಚೀಲಗಳಲ್ಲಿ ತುಂಬಬಾರದು. ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ, ಮನೆಯ ಬೀಸುವ ಕಲ್ಲಿನಲ್ಲಿಯೋ ಗೋಧಿಯನ್ನು ಎಂದೂ ಹಾಕದ ಗಿರಣಿಯಲ್ಲಿಯೋ ಹಿಟ್ಟು ಮಾಡಿಸಬೇಕು. ಊರಿನಲ್ಲಿ ಎರಡು ಗಿರಣಿಗಳಿದ್ದರೆ ಒಂದನ್ನು ರಾಗಿ ಜೋಳಗಳಿಗೇ ಮೀಸಲಿಡುವಂತೆ ಮುಖಂಡರು ಏರ್ಪಡಿಸಬಹುದು. ಮನೆಯಲ್ಲಿ ಲಟ್ಟಣಿಗೆ, ಜರಡಿ, ಹೆಂಚುಗಳು ಬೇರೆಯಿರಬೇಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳವನ್ನು ಕರಿದು ಕೊಡಕೂಡದು.

ಹಬ್ಬ, ಮದುವೆ, ಜಾತ್ರೆಗಳಲ್ಲಿ “ಒಂದು ತುತ್ತಿನಿಂದ ಏನಾದೀತು?” ಎಂದು ಒತ್ತಾಯ ಮಾಡುವುದು ವಾಡಿಕೆ. ಆ ಒಂದು ತುತ್ತು ಮಾಯುತ್ತಿರುವ ಕರುಳನ್ನು ಮತ್ತೆ ಕೆಡಿಸುವುದು. ಇದು ಅಂಟುರೋಗವಲ್ಲ, ಮನೆತನದ ಕಳಂಕವೂ ಅಲ್ಲ. ಪಥ್ಯವನ್ನು ಸರಿಯಾಗಿ ನಡೆಯಿಸಿದರೆ ಮಗುವು ಕೆಲವೇ ವಾರಗಳಲ್ಲಿ ಲವಲವಿಕೆಯನ್ನು ಪಡೆದು, ಕ್ರಮೇಣ ಓರಗೆಯವರ ಎತ್ತರಕ್ಕೆ ಬರುವುದು. ಊರಿನ ಹಿರಿಯರು ಪಂಕ್ತಿಯಲ್ಲಿ ಅಂತಹ ಮಗುವಿನ ಎಲೆಗೆ ಹೋಳಿಗೆಯ ಬದಲು ಅಕ್ಕಿಯ ಪಾಯಸವನ್ನು ತಾವಾಗಿ ಬಡಿಸಿಸಿದರೆ, ಮಿಕ್ಕವರೂ ಅದನ್ನೇ ಅನುಸರಿಸುವರು.